ವಿಮಾನ ಹತ್ತುವ ಮುನ್ನ ಆಸ್ತಿಯ ಲೆಕ್ಕ

ಕರ್ನಾಟಕದಿಂದ ಅಮೆರಿಕಕ್ಕೆ ನೆಲೆಸಲು ಹೋಗುವ ವ್ಯಕ್ತಿ ಅಲ್ಲಿಯ ತೆರಿಗೆ ಕಾನೂನಿನ ಲೆಕ್ಕದಲ್ಲಿ ‘ನಿವಾಸಿ’ಯಾದ ದಿನದಿಂದ, ಅವರು ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಮಂಗಳೂರಿನಲ್ಲೋ ಅದುವರೆಗೆ ಕೂಡಿಟ್ಟ ಆಸ್ತಿಯಿಂದ ಬರುವ ಪ್ರತಿಯೊಂದು ಆದಾಯವೂ ಆ ದೇಶದ ತೆರಿಗೆಯ ವ್ಯಾಪ್ತಿಗೆ ಸೇರುತ್ತದೆ. ಆದಾಯ ಯಾವ ದೇಶದಲ್ಲಿ ಹುಟ್ಟಿತು, ಯಾವ ಬ್ಯಾಂಕಿಗೆ ಜಮೆಯಾಯಿತು, ಅದಕ್ಕೆ ಭಾರತದಲ್ಲಿ ತೆರಿಗೆ ವಿನಾಯಿತಿ ಇದೆಯೇ ಇಲ್ಲವೇ ಎಂಬ ಪ್ರಶ್ನೆಗಳು ಅಲ್ಲಿ ಎರಡನೆಯವು. ನಿವಾಸಿಯ ಜಾಗತಿಕ ಆದಾಯ ಎಲ್ಲವೂ ತನ್ನ ತೆರಿಗೆಗೆ ಒಳಪಟ್ಟದ್ದು ಎಂಬುದೇ ಅಮೆರಿಕದ ಮೂಲ ಸೂತ್ರ. ಹೊರಡುವ ತಿಂಗಳುಗಳಲ್ಲಿ ವೀಸಾ ಸಂದರ್ಶನ, ಮಕ್ಕಳ ಶಾಲೆ, ಬಾಡಿಗೆ ಮನೆ ಇವುಗಳ ಬಗ್ಗೆ ಎಷ್ಟೆಲ್ಲ ವಿಚಾರಿಸುವ ಕುಟುಂಬಗಳು ಆಸ್ತಿಪಾಸ್ತಿಯ ವಿಷಯವನ್ನು ‘ಹೋದ ಮೇಲೆ ನೋಡಿಕೊಂಡರಾಯಿತು’ ಎಂದು ಬಿಟ್ಟುಬಿಡುವುದು ಸಾಮಾನ್ಯ. ಆದರೆ ಕಾನೂನು ಕೊಡುವ ಅನುಕೂಲಗಳಲ್ಲಿ ಹೆಚ್ಚಿನವು ಇರುವುದು ಹೋಗುವ ಮೊದಲಿನ ಅವಧಿಯಲ್ಲೇ. ಕರ್ನಾಟಕದ ಕುಟುಂಬಗಳಲ್ಲಿ ಆಸ್ತಿ ಒಬ್ಬರೊಬ್ಬರ ಹೆಸರಿನಲ್ಲಿ ಬೇರೆಬೇರೆಯಾಗಿ ಇರುವುದಕ್ಕಿಂತ ತಂದೆ, ತಾಯಿ, ಒಡಹುಟ್ಟಿದವರೊಂದಿಗೆ ಹೆಣೆದುಕೊಂಡೇ ಇರುವುದರಿಂದ, ಈ ಲೆಕ್ಕವನ್ನು ಹೊರಡುವವರು ಒಬ್ಬರೇ ಕೂತು ಮಾಡುವಂತೆಯೂ ಇಲ್ಲ.

ನಿವಾಸಿಯಾಗುವ ದಿನ

ಅಮೆರಿಕದಲ್ಲಿ ತೆರಿಗೆ ನಿವಾಸವನ್ನು ನಿರ್ಧರಿಸುವ ದಾರಿಗಳು ಮುಖ್ಯವಾಗಿ ಎರಡು. ಕಾಯಂ ವಾಸದ ಪರವಾನಗಿ, ಅಂದರೆ ಗ್ರೀನ್ ಕಾರ್ಡ್, ಪಡೆದವರು ಆ ಹಕ್ಕಿನೊಂದಿಗೆ ಅಲ್ಲಿ ಕಾಲಿಟ್ಟ ಮೊದಲ ದಿನದಿಂದಲೇ ನಿವಾಸಿಗಳಾಗುತ್ತಾರೆ. ಎಚ್‌-1ಬಿ ಮೊದಲಾದ ಉದ್ಯೋಗ ವೀಸಾಗಳಲ್ಲಿ ಹೋಗುವವರಿಗೆ ದಿನಗಳ ಎಣಿಕೆ ಅನ್ವಯವಾಗುತ್ತದೆ: ಆ ಕ್ಯಾಲೆಂಡರ್ ವರ್ಷದಲ್ಲಿ ಅಲ್ಲಿ ಕಳೆದ ಎಲ್ಲ ದಿನಗಳು, ಹಿಂದಿನ ವರ್ಷದ ದಿನಗಳ ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ ಆರನೇ ಒಂದು ಭಾಗ ಇವನ್ನು ಕೂಡಿಸಿದಾಗ ಮೊತ್ತ 183 ಮುಟ್ಟಿದರೆ, ಮತ್ತು ಆ ವರ್ಷದಲ್ಲಿ ಕನಿಷ್ಠ 31 ದಿನ ಅಲ್ಲಿದ್ದರೆ, ಅವರು ನಿವಾಸಿಗಳು. ಓದಲು ಹೋಗುವ ಎಫ್‌-1 ವೀಸಾದ ವಿದ್ಯಾರ್ಥಿಗಳ ಮೊದಲ 5 ಕ್ಯಾಲೆಂಡರ್ ವರ್ಷಗಳು ಈ ಎಣಿಕೆಗೆ ಬರುವುದಿಲ್ಲವಾದ್ದರಿಂದ, ಅವರಿಗೆ ಊರಿನ ಹೂಡಿಕೆಗಳನ್ನು ಸರಿಪಡಿಸಿಕೊಳ್ಳಲು ಉಳಿದವರಿಗಿಲ್ಲದ ಕಾಲಾವಕಾಶ ಇರುತ್ತದೆ. ಓದು ಮುಗಿದು ಉದ್ಯೋಗ ವೀಸಾಕ್ಕೆ ಬದಲಾದಾಗ ಆ ಅವಕಾಶ ಮುಗಿಯುತ್ತದೆ.

ಈ ಎಣಿಕೆಯಲ್ಲಿ ಒಂದು ದಿನದ ಅಂತರವೂ ದೊಡ್ಡದು. ಹಿಂದೆಂದೂ ಅಮೆರಿಕಕ್ಕೆ ಹೋಗದ ಉದ್ಯೋಗಿಯೊಬ್ಬರು ಜುಲೈ 2ರಂದು ಅಲ್ಲಿ ಇಳಿದು ವರ್ಷಾಂತ್ಯದವರೆಗೆ ಅಲ್ಲೇ ಉಳಿದರೆ 183 ದಿನಗಳಾಗಿ, ಇಳಿದ ದಿನದಿಂದಲೇ ನಿವಾಸಿಯಾಗುತ್ತಾರೆ. ಜುಲೈ 3ರಂದು ಇಳಿದರೆ 182 ದಿನಗಳಾಗಿ, ತಾವಾಗಿ ಬೇರೆ ಆಯ್ಕೆ ಮಾಡಿಕೊಳ್ಳದ ಹೊರತು, ಆ ವರ್ಷವಿಡೀ ಅನಿವಾಸಿಯಾಗಿ ಉಳಿದು ಮುಂದಿನ ಜನವರಿಯಿಂದ ನಿವಾಸಿಯಾಗುತ್ತಾರೆ. ಎರಡನೆಯ ಸಂದರ್ಭದಲ್ಲಿ ಡಿಸೆಂಬರ್ 31ರವರೆಗೆ ಭಾರತದಲ್ಲಿ ಮಾರಿದ ಷೇರು, ಫಂಡು, ನಿವೇಶನ ಯಾವುದರ ಲಾಭಕ್ಕೂ ಅಮೆರಿಕದ ತೆರಿಗೆ ತಗಲುವುದಿಲ್ಲ. ಕೆಲಸಕ್ಕೆ ಸೇರುವ ದಿನಾಂಕವನ್ನು ಒಂದೆರಡು ವಾರ ಹಿಂದುಮುಂದು ಮಾಡಲು ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದರಿಂದ ಇದು ಕೇಳಿನೋಡಬೇಕಾದ ವಿಷಯ.

ಭಾರತದ ಲೆಕ್ಕ ಓಡುವುದು ಬೇರೆ ವರ್ಷದಲ್ಲಿ, ಏಪ್ರಿಲ್‌ನಿಂದ ಮಾರ್ಚ್‌ವರೆಗೆ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆಯನ್ನು 2026ರ ಏಪ್ರಿಲ್ 1ರಿಂದ ತರಲಾಗಿದ್ದರೂ ನಿವಾಸದ ಮೂಲ ಅಳತೆ ಹಾಗೆಯೇ ಇದೆ: ಉದ್ಯೋಗಕ್ಕಾಗಿ ದೇಶ ಬಿಡುವ ಭಾರತೀಯ ನಾಗರಿಕರು ಆ ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಇಲ್ಲಿದ್ದರೆ ಅವರು ಅನಿವಾಸಿ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 28ಕ್ಕೆ 181 ದಿನಗಳಾಗುತ್ತವೆ. ಇಲ್ಲಿ ಬಹಳಷ್ಟು ಜನ ಗಮನಿಸದ ಅಂಶವೊಂದಿದೆ. ಭಾರತದ ಕಾನೂನು ಒಂದೇ ಆರ್ಥಿಕ ವರ್ಷವನ್ನು ನಿವಾಸಿಯ ಅವಧಿ, ಅನಿವಾಸಿಯ ಅವಧಿ ಎಂದು ಒಡೆಯುವುದಿಲ್ಲ; ಆಗಸ್ಟಿನಲ್ಲಿ ಹೊರಟವರು ಅದೇ ವರ್ಷದ ಮೇ ತಿಂಗಳಲ್ಲಿ, ಇನ್ನೂ ಊರಿನಲ್ಲಿದ್ದಾಗಲೇ, ಮನೆ ಮಾರಿದ್ದರೂ ಆ ಮಾರಾಟ ಅನಿವಾಸಿಯ ಮಾರಾಟವೆಂದೇ ಲೆಕ್ಕಕ್ಕೆ ಬರುತ್ತದೆ.

ಅದರ ಪರಿಣಾಮವನ್ನು ಅಂಕಿಗಳಲ್ಲಿ ನೋಡಬಹುದು. 2024ರ ಜುಲೈ 23ರ ನಂತರ ಸ್ಥಿರಾಸ್ತಿಯ ದೀರ್ಘಾವಧಿ ಬಂಡವಾಳ ಲಾಭಕ್ಕೆ 12.5 ಪ್ರತಿಶತ ತೆರಿಗೆ ಇದ್ದು, ಹಣದುಬ್ಬರಕ್ಕೆ ತಕ್ಕಂತೆ ಖರೀದಿ ಬೆಲೆಯನ್ನು ಏರಿಸಿಕೊಳ್ಳುವ ಸೂಚ್ಯಂಕದ ಸೌಲಭ್ಯವನ್ನು ತೆಗೆದುಹಾಕಲಾಗಿದೆ. ಆ ದಿನಕ್ಕಿಂತ ಮೊದಲು ಕೊಂಡ ಆಸ್ತಿಗೆ ಮಾತ್ರ, ಹಳೆಯ ಪದ್ಧತಿಯಂತೆ ಸೂಚ್ಯಂಕ ಅನ್ವಯಿಸಿ 20 ಪ್ರತಿಶತದ ಲೆಕ್ಕ ಹಾಕಿ, ಎರಡರಲ್ಲಿ ಕಡಿಮೆಯಾದುದನ್ನು ಕಟ್ಟುವ ಆಯ್ಕೆ ಉಳಿದಿದೆ. ಆದರೆ ಅದು ನಿವಾಸಿ ವ್ಯಕ್ತಿಗಳಿಗೆ ಮತ್ತು ನಿವಾಸಿ ಹಿಂದೂ ಅವಿಭಕ್ತ ಕುಟುಂಬಗಳಿಗೆ ಮಾತ್ರ. 2012–13ರಲ್ಲಿ 60 ಲಕ್ಷ ರೂಪಾಯಿಗೆ ಕೊಂಡ ಬೆಂಗಳೂರಿನ ಅಪಾರ್ಟ್‌ಮೆಂಟೊಂದನ್ನು 2025–26ರಲ್ಲಿ 1 ಕೋಟಿಗೆ ಮಾರಿದರೆ, ಆ ಎರಡು ವರ್ಷಗಳ ಸೂಚ್ಯಂಕ ಕ್ರಮವಾಗಿ 200 ಮತ್ತು 376 ಆಗಿರುವುದರಿಂದ ಏರಿಸಿದ ಖರೀದಿ ಬೆಲೆ 1 ಕೋಟಿ 12 ಲಕ್ಷ 80 ಸಾವಿರ ಆಗಿ, ನಿವಾಸಿ ಮಾರಾಟಗಾರರು ತೆರಿಗೆಯನ್ನೇ ಕಟ್ಟಬೇಕಿಲ್ಲ. ಅದೇ ಮನೆಯನ್ನು ಅದೇ ಬೆಲೆಗೆ ಮಾರಿದ ಅನಿವಾಸಿಗೆ 40 ಲಕ್ಷ ಲಾಭದ ಮೇಲೆ 5 ಲಕ್ಷ ರೂಪಾಯಿ ಮತ್ತು ಅದರ ಮೇಲಿನ ಸೆಸ್ ಬೀಳುತ್ತದೆ. ಅಷ್ಟೇ ಅಲ್ಲದೆ, ನಿವಾಸಿಯಿಂದ ಕೊಳ್ಳುವವರು ಮೂಲದಲ್ಲೇ ಕಡಿತ ಮಾಡಬೇಕಾದ ತೆರಿಗೆ, ಅಂದರೆ ಟಿಡಿಎಸ್, ಬೆಲೆಯ 1 ಪ್ರತಿಶತ ಮಾತ್ರವಾದರೆ, ಅನಿವಾಸಿಯಿಂದ ಕೊಳ್ಳುವವರು, ಕಡಿಮೆ ಕಡಿತದ ಪ್ರಮಾಣಪತ್ರವನ್ನು ಇಲಾಖೆಯಿಂದ ಮೊದಲೇ ಪಡೆದಿರದಿದ್ದರೆ, ಲಾಭದ ಬದಲು ಪೂರ್ತಿ ಬೆಲೆಯ ಮೇಲೆಯೇ 12.5 ಪ್ರತಿಶತಕ್ಕೂ ಹೆಚ್ಚು ಹಿಡಿದುಕೊಳ್ಳುವುದು ರೂಢಿಯಾಗಿದೆ. ಮಾರಲೇಬೇಕೆಂದು ತೀರ್ಮಾನಿಸಿದ ಮನೆಯ ಕ್ರಯಪತ್ರ ಹೊರಡುವ ವರ್ಷಕ್ಕೆ ಮುಂಚಿನ ಮಾರ್ಚ್ 31ರೊಳಗೆ ನೋಂದಣಿಯಾಗುವುದು ಕ್ಷೇಮ ಎನ್ನುವುದು ಈ ಕಾರಣಕ್ಕೆ.

ಖರೀದಿ ಬೆಲೆ ಎಂಬ ಹಳೆಯ ಕಾಗದ

ಕೆನಡಾ ಮತ್ತು ಆಸ್ಟ್ರೇಲಿಯಗಳು ಹೊಸದಾಗಿ ಬಂದವರನ್ನು ಒಂದು ವಿಷಯದಲ್ಲಿ ಉದಾರವಾಗಿ ನೋಡುತ್ತವೆ: ನಿವಾಸಿಯಾದ ದಿನ ಅವರ ವಿದೇಶಿ ಆಸ್ತಿಗೆ ಎಷ್ಟು ಮಾರುಕಟ್ಟೆ ಬೆಲೆ ಇತ್ತೋ ಅದನ್ನೇ ಖರೀದಿ ಬೆಲೆ ಎಂದು ಸಾಮಾನ್ಯವಾಗಿ ಒಪ್ಪಿಕೊಂಡು, ಅಲ್ಲಿಂದ ಮುಂದೆ ಬೆಳೆದ ಲಾಭಕ್ಕೆ ಮಾತ್ರ ತೆರಿಗೆ ಹಾಕುತ್ತವೆ. ಅಮೆರಿಕದಲ್ಲಿ ಇಂಥ ಸೌಲಭ್ಯ ಇಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಮೂಲತಃ ಕೊಟ್ಟ ಬೆಲೆ, ಅದೂ ಕೊಂಡ ದಿನದ ವಿನಿಮಯ ದರದಲ್ಲಿ ಡಾಲರಿಗೆ ಪರಿವರ್ತಿಸಿದ ಬೆಲೆ. 1995ರಲ್ಲಿ, ಡಾಲರಿಗೆ ಸುಮಾರು 32 ರೂಪಾಯಿ ಇದ್ದಾಗ, 3 ಲಕ್ಷ 20 ಸಾವಿರಕ್ಕೆ ಕೊಂಡ ಮೈಸೂರಿನ ನಿವೇಶನವೊಂದರ ಅಮೆರಿಕನ್ ಖರೀದಿ ಬೆಲೆ 10,000 ಡಾಲರ್. ಅದು ಡಾಲರಿಗೆ 85 ರೂಪಾಯಿಯ ದರದಲ್ಲಿ 1 ಕೋಟಿ 70 ಲಕ್ಷಕ್ಕೆ ಮಾರಾಟವಾದರೆ ಬಂದದ್ದು 2 ಲಕ್ಷ ಡಾಲರ್, ಲಾಭ 1 ಲಕ್ಷ 90 ಸಾವಿರ ಡಾಲರ್. 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡ ಆಸ್ತಿಗೆ ಆ ದಿನದ ಬೆಲೆಯನ್ನು, ಸರ್ಕಾರದ ಮಾರ್ಗಸೂಚಿ ದರ ಮೀರದಂತೆ, ಖರೀದಿ ಬೆಲೆಯಾಗಿ ತೆಗೆದುಕೊಳ್ಳಲು ಭಾರತದ ಕಾನೂನು ಬಿಡುತ್ತದೆ. ಅಮೆರಿಕದ ಕಾನೂನಿಗೆ ಆ ದಿನಾಂಕಕ್ಕೆ ಯಾವ ವಿಶೇಷವೂ ಇಲ್ಲ. ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಅಲ್ಲಿಯ ಒಕ್ಕೂಟ ಸರ್ಕಾರದ ತೆರಿಗೆಯಿಂದ ಕಳೆದುಕೊಳ್ಳಲು ಅವಕಾಶವಿದ್ದರೂ, ಹೆಚ್ಚು ಕನ್ನಡಿಗರಿರುವ ಕ್ಯಾಲಿಫೋರ್ನಿಯಾ ರಾಜ್ಯ ತನ್ನ ಪಾಲಿನ ತೆರಿಗೆಯಲ್ಲಿ ಆ ಕಡಿತವನ್ನು ಒಪ್ಪುವುದಿಲ್ಲ.

ಹಾಗೆಂದು ಇರುವುದನ್ನೆಲ್ಲ ಮಾರಿ ಹೋಗಬೇಕೆಂದಲ್ಲ. ಷೇರುಗಳ ವಿಷಯದಲ್ಲಿ ಹೊರಡುವ ಮೊದಲು ಲಾಭದಲ್ಲಿರುವುದನ್ನು ಮಾರಿ, ಬೇಕಿದ್ದರೆ ಅದೇ ಷೇರನ್ನು ಮತ್ತೆ ಕೊಂಡರೆ, ಭಾರತದಲ್ಲಿ ವರ್ಷಕ್ಕೆ 1.25 ಲಕ್ಷ ಮೀರಿದ ದೀರ್ಘಾವಧಿ ಲಾಭಕ್ಕೆ 12.5 ಪ್ರತಿಶತ ಕಟ್ಟುವ ಬೆಲೆಗೆ ಅಮೆರಿಕದ ಲೆಕ್ಕದಲ್ಲಿ ಹೊಸ ಖರೀದಿ ಬೆಲೆ ದೊರೆಯುತ್ತದೆ. ತಲೆತಲಾಂತರದ ಮನೆಯನ್ನು ಯಾರೂ ಹಾಗೆ ಮಾರಲಾರರು, ಮಾರಬೇಕಾಗಿಯೂ ಇಲ್ಲ. ಅಂಥ ಆಸ್ತಿಗೆ ಮೂಲ ಕ್ರಯಪತ್ರ, ಮನೆ ಕಟ್ಟಿದ ಮತ್ತು ಮಾಳಿಗೆ ಏರಿಸಿದ ಖರ್ಚಿನ ರಸೀದಿ, ಋಣಭಾರ ಪ್ರಮಾಣಪತ್ರ ಇವುಗಳ ಪ್ರತಿಗಳನ್ನು ಜೊತೆಗೆ ಕೊಂಡೊಯ್ದರೆ ಸಾಕು; ಇಪ್ಪತ್ತು ವರ್ಷಗಳ ಬಳಿಕ ಮಾರುವಾಗ ಖರೀದಿ ಬೆಲೆಯನ್ನು ತೋರಿಸಲಾಗದವರ ಪಾಲಿಗೆ ಅದು ಸೊನ್ನೆಯಾಗುವ ಅಪಾಯವಿದೆ.

ಮ್ಯೂಚುವಲ್ ಫಂಡುಗಳ ಮಾತು ಬೇರೆ. ಭಾರತದ ಯಾವುದೇ ಮ್ಯೂಚುವಲ್ ಫಂಡನ್ನು ಅಮೆರಿಕದ ಕಾನೂನು ಬಹುತೇಕ ‘ನಿಷ್ಕ್ರಿಯ ವಿದೇಶಿ ಹೂಡಿಕೆ ಕಂಪನಿ’ ಎಂಬ ವರ್ಗಕ್ಕೆ ಸೇರಿಸುತ್ತದೆ. ತನ್ನ ನಿವಾಸಿಗಳು ಹೊರದೇಶದ ಫಂಡುಗಳಲ್ಲಿ ಹಣವಿಟ್ಟು ತೆರಿಗೆಯನ್ನು ಮುಂದೂಡದಂತೆ ತಡೆಯಲು 1986ರಲ್ಲಿ ಮಾಡಿದ ಏರ್ಪಾಡು ಅದು. ಮುಂಚಿತವಾಗಿ ಬೇರೆ ವಿಧಾನವನ್ನು ಆರಿಸಿಕೊಳ್ಳದಿದ್ದರೆ, ಮಾರಿದಾಗ ಬಂದ ಲಾಭವನ್ನು ಹಿಡಿದಿಟ್ಟುಕೊಂಡಿದ್ದ ವರ್ಷಗಳಿಗೆಲ್ಲ ಹಂಚಿ, ಹಿಂದಿನ ವರ್ಷಗಳ ಪಾಲಿಗೆ ಆಯಾ ವರ್ಷದ ಗರಿಷ್ಠ ದರದಲ್ಲಿ ತೆರಿಗೆಯನ್ನೂ ಅದರ ಮೇಲೆ ಬಡ್ಡಿಯನ್ನೂ ಹಾಕಲಾಗುತ್ತದೆ. ದೀರ್ಘಾವಧಿ ಲಾಭದ ಕಡಿಮೆ ದರ ಅದಕ್ಕೆ ಸಿಗುವುದಿಲ್ಲ. ತಿಂಗಳಿಗೆ ಐದು ಸಾವಿರ ರೂಪಾಯಿಯ ಎಸ್‌ಐಪಿ ಇಟ್ಟವರೂ ಈ ವ್ಯವಸ್ಥೆಯೊಳಗೇ ಬರುತ್ತಾರೆ, ಮತ್ತು ಹೂಡಿಕೆ ಮಿತಿ ದಾಟಿದಾಗ ಪ್ರತಿ ಫಂಡಿಗೂ ಪ್ರತ್ಯೇಕ ನಮೂನೆ ತುಂಬಿಸುವ ಲೆಕ್ಕಿಗರ ಶುಲ್ಕವೇ ಕೆಲವೊಮ್ಮೆ ಫಂಡಿನ ಲಾಭವನ್ನು ಮೀರುತ್ತದೆ. ಅಮೆರಿಕಕ್ಕೆ ಹೊರಟವರು ನಿವಾಸಿಗಳಾಗುವ ಮೊದಲು ಮ್ಯೂಚುವಲ್ ಫಂಡುಗಳನ್ನು ಪೂರ್ತಿಯಾಗಿ ಹಿಂತೆಗೆದುಕೊಂಡು ಎಸ್‌ಐಪಿ ಆದೇಶಗಳನ್ನು ನಿಲ್ಲಿಸುವುದು, ಇಡೀ ವಿಷಯದಲ್ಲಿ ಹೆಚ್ಚು ಯೋಚಿಸದೆ ಮಾಡಬಹುದಾದ ಒಂದೇ ಕೆಲಸ.

ಅಪ್ಪನ ಜೊತೆಗಿನ ಜಂಟಿ ಖಾತೆ

ತಂದೆತಾಯಿಗೆ ವಯಸ್ಸಾದಂತೆ ಬ್ಯಾಂಕಿನ ಕೆಲಸಕ್ಕೆ ಅನುಕೂಲವಾಗಲೆಂದು ಮಗನದೋ ಮಗಳದೋ ಹೆಸರನ್ನು ಉಳಿತಾಯ ಖಾತೆಗೂ ನಿಗದಿತ ಠೇವಣಿಗೂ ಸೇರಿಸುವುದು ಕರ್ನಾಟಕದ ಮನೆಮನೆಯ ಪದ್ಧತಿ. ಅಮೆರಿಕದ ನಿವಾಸಿಯೊಬ್ಬರ ಎಲ್ಲ ವಿದೇಶಿ ಖಾತೆಗಳ ಮೊತ್ತ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ಮೀರಿದರೂ ಅವರು ‘ಎಫ್‌ಬಾರ್’ ಎಂದು ಕರೆಯುವ ವರದಿಯನ್ನು ಮುಂದಿನ ಏಪ್ರಿಲ್ 15ಕ್ಕೆ, ತಾನಾಗಿ ಸಿಗುವ ವಿಸ್ತರಣೆ ಸೇರಿದರೆ ಅಕ್ಟೋಬರ್ 15ರೊಳಗೆ, ಸಲ್ಲಿಸಬೇಕು. ಜಂಟಿ ಖಾತೆಯಲ್ಲಿರುವ ಹಣ ಪೂರ್ತಿ ತಂದೆಯ ನಿವೃತ್ತಿಯ ಹಣವೇ ಆಗಿದ್ದರೂ, ಮಕ್ಕಳು ಆ ಖಾತೆಗೆ ಸಹಿ ಹಾಕುವ ಅಧಿಕಾರವಷ್ಟನ್ನೇ ಹೊಂದಿದ್ದರೂ, ಪೂರ್ತಿ ಮೊತ್ತ ವರದಿಯಲ್ಲಿ ಬರಬೇಕು. ವರದಿ ಕೊಟ್ಟರೆ ಅದರಿಂದ ತೆರಿಗೆಯೇನೂ ಹುಟ್ಟುವುದಿಲ್ಲ, ಕೊಡದಿದ್ದರೆ ದಂಡವಿದೆ. ಉದ್ದೇಶಪೂರ್ವಕವಲ್ಲದ ತಪ್ಪಿಗೆ 10,000 ಡಾಲರುಗಳ ದಂಡವನ್ನು ಖಾತೆಗೊಂದರಂತೆ ಹಾಕದೆ ವರದಿಗೊಂದರಂತೆ ಹಾಕಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ಬಿಟ್‌ನರ್ ಪ್ರಕರಣದಲ್ಲಿ ತೀರ್ಪು ಕೊಟ್ಟದ್ದು ಸ್ವಲ್ಪ ಸಮಾಧಾನದ ಸಂಗತಿ. ಇದಲ್ಲದೆ ಆದಾಯ ತೆರಿಗೆ ವಿವರದ ಜೊತೆಗೇ ಹೋಗುವ 8938ನೇ ನಮೂನೆಯೂ ಇದ್ದು, ಅದರ ಮಿತಿಗಳು ಬೇರೆ. 2015ರ ಜುಲೈ ತಿಂಗಳಲ್ಲಿ ಎರಡೂ ಸರ್ಕಾರಗಳು ಮಾಡಿಕೊಂಡ ಒಪ್ಪಂದದಂತೆ ಭಾರತದ ಬ್ಯಾಂಕುಗಳು ಅಮೆರಿಕದ ನಿವಾಸಿಗಳ ಖಾತೆಗಳ ವಿವರವನ್ನು ಕಳುಹಿಸುತ್ತಿರುವುದರಿಂದ, ಮುಚ್ಚಿಡುವುದು ತಪ್ಪೂ ಹೌದು, ಸಾಧ್ಯವೂ ಇಲ್ಲ.

ಹೊರಡುವ ಮೊದಲು ಜಂಟಿ ಖಾತೆಗಳಿಂದ ತಮ್ಮ ಹೆಸರನ್ನು ತೆಗೆಸಿ, ಊರಿನಲ್ಲಿ ಉಳಿಯುವ ಅಣ್ಣನನ್ನೋ ತಂಗಿಯನ್ನೋ ಸೇರಿಸುವುದು ಸರಳ ಉಪಾಯ. ತಮ್ಮ ಸ್ವಂತ ಖಾತೆಗಳನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸುವುದು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ, ಅಂದರೆ ಫೆಮಾದ, ಕಡ್ಡಾಯ ನಿಯಮ. ಉದ್ಯೋಗಕ್ಕೆ ಹೊರಟವರು ಆ ಕಾಯ್ದೆಯ ದೃಷ್ಟಿಯಲ್ಲಿ ದೇಶ ಬಿಟ್ಟ ದಿನವೇ ಅನಿವಾಸಿಗಳಾಗುವುದರಿಂದ, ತೆರಿಗೆಯ 182 ದಿನಗಳ ಲೆಕ್ಕವನ್ನು ಇಲ್ಲಿಗೆ ತರುವಂತಿಲ್ಲ. ಸಾರ್ವಜನಿಕ ಭವಿಷ್ಯ ನಿಧಿಯ ಖಾತೆಯನ್ನು ಅವಧಿ ಮುಗಿಯುವವರೆಗೆ ನಡೆಸಬಹುದು, ಆಮೇಲೆ ವಿಸ್ತರಿಸುವಂತಿಲ್ಲ. ಇಲ್ಲಿ ತೆರಿಗೆಯಿಲ್ಲದ ಅದರ ಬಡ್ಡಿಯೂ ಅಡಿಕೆ ತೋಟದ ಆದಾಯವೂ ಅಮೆರಿಕದಲ್ಲಿ ಸಾಮಾನ್ಯವಾಗಿ ತೆರಿಗೆಗೆ ಒಳಪಡುತ್ತವೆ.

ದಾನಪತ್ರವೋ ಉಯಿಲೋ

ಮಕ್ಕಳು ವಿದೇಶಕ್ಕೆ ಹೋದ ಮೇಲೆ ಮುಂದೆ ತೊಂದರೆ ಬೇಡವೆಂದು ತಂದೆ ಬದುಕಿದ್ದಾಗಲೇ ಮನೆಯನ್ನೂ ತೋಟವನ್ನೂ ದಾನಪತ್ರದ ಮೂಲಕ ಮಕ್ಕಳ ಹೆಸರಿಗೆ ಮಾಡಿಕೊಡುವುದು ಹೆಚ್ಚುತ್ತಿದೆ. ಹತ್ತಿರದ ಸಂಬಂಧಿಗಳ ನಡುವಿನ ದಾನಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ನಾಮಮಾತ್ರ ಇರುವುದೂ, ಸಂಬಂಧಿಗಳಿಂದ ಬಂದ ದಾನಕ್ಕೆ ಆದಾಯ ತೆರಿಗೆ ಇಲ್ಲದಿರುವುದೂ ಇದಕ್ಕೆ ಕಾರಣ. ಊರಿನಲ್ಲೇ ಇರುವ ಮಕ್ಕಳಿಗೆ ಇದು ಸರಿಯಾದ ದಾರಿಯಾಗಿರಬಹುದು. ಅಮೆರಿಕದಲ್ಲಿ ನೆಲೆಸಿದ ಮಕ್ಕಳ ವಿಷಯದಲ್ಲಿ ಅದೇ ದಾನಪತ್ರ ಎರಡು ಕಾನೂನುಗಳಿಗೆ ಸಿಕ್ಕಿಬೀಳುತ್ತದೆ.

ಮೊದಲನೆಯದು ಖರೀದಿ ಬೆಲೆಯ ಪ್ರಶ್ನೆ. ಬದುಕಿರುವವರು ದಾನ ಕೊಟ್ಟ ಆಸ್ತಿಗೆ ದಾನಿಯ ಹಳೆಯ ಖರೀದಿ ಬೆಲೆಯೇ ಮುಂದುವರಿಯುತ್ತದೆ ಎನ್ನುವ ಅಮೆರಿಕದ ಕಾನೂನು, ಮರಣಾನಂತರ ವಾರಸುದಾರರಿಗೆ ಬಂದ ಆಸ್ತಿಗೆ ಮರಣದ ದಿನದ ಮಾರುಕಟ್ಟೆ ಬೆಲೆಯನ್ನೇ ಹೊಸ ಖರೀದಿ ಬೆಲೆಯಾಗಿ ಕೊಡುತ್ತದೆ. ತೀರಿಕೊಂಡವರು ಅಮೆರಿಕದ ನಿವಾಸಿಯಲ್ಲದಿದ್ದರೂ, ಆಸ್ತಿ ಭಾರತದಲ್ಲೇ ಇದ್ದರೂ ಈ ನಿಯಮ ಅನ್ವಯಿಸುತ್ತದೆ. ಮೇಲೆ ಹೇಳಿದ ಮೈಸೂರಿನ ನಿವೇಶನ ತಂದೆಯದಾಗಿದ್ದು, ಮಗಳಿಗೆ ದಾನಪತ್ರದ ಮೂಲಕ ಬಂದರೆ ಅವಳ ಅಮೆರಿಕನ್ ಲಾಭ 1 ಲಕ್ಷ 90 ಸಾವಿರ ಡಾಲರ್. ಉಯಿಲಿನ ಮೂಲಕ ಬಂದು ಆಕೆ ಕೆಲವೇ ತಿಂಗಳಲ್ಲಿ ಮಾರಿದರೆ ಲಾಭ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಭಾರತದ ತೆರಿಗೆಯಲ್ಲಿ ಮಾತ್ರ ಎರಡೂ ಒಂದೇ, ಏಕೆಂದರೆ ದಾನವಾದರೂ ಉಯಿಲಾದರೂ ಇಲ್ಲಿ ಹಿಂದಿನ ಮಾಲೀಕರ ಖರೀದಿ ಬೆಲೆಯೇ ಮುಂದುವರಿಯುತ್ತದೆ. ತಂದೆಯ ಮರಣದ ನಂತರದ ತಿಂಗಳುಗಳಲ್ಲಿ ಮಾನ್ಯತೆ ಪಡೆದ ಮೌಲ್ಯಮಾಪಕರಿಂದ ಆ ದಿನದ ಬೆಲೆಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳುವುದು ದುಃಖದ ನಡುವೆ ಕಷ್ಟದ ಕೆಲಸವಾದರೂ ಮರೆಯಬಾರದ ಕೆಲಸ.

ಎರಡನೆಯದು ಕೃಷಿ ಜಮೀನಿನ ಪ್ರಶ್ನೆ. ಫೆಮಾ ನಿಯಮಗಳಂತೆ ಅನಿವಾಸಿ ಭಾರತೀಯರು ಕೃಷಿ ಜಮೀನು, ಪ್ಲಾಂಟೇಶನ್, ತೋಟದ ಮನೆ ಇವುಗಳನ್ನು ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ನಿವಾಸಿಯಿಂದ ವಾರಸಿನ ಮೂಲಕ ಬಂದರೆ ಇಟ್ಟುಕೊಳ್ಳಬಹುದು. ನಿವಾಸಿಯಾಗಿದ್ದಾಗ ತಮ್ಮ ಹೆಸರಿಗೆ ಬಂದಿದ್ದ ಜಮೀನನ್ನು ಅನಿವಾಸಿಯಾದ ಮೇಲೂ ಉಳಿಸಿಕೊಳ್ಳಲು ಆ ಕಾಯ್ದೆಯ 6ನೇ ಪ್ರಕರಣ ಅವಕಾಶ ಕೊಡುತ್ತದೆ. ಹೀಗಾಗಿ ತೀರ್ಥಹಳ್ಳಿಯ ಅಡಿಕೆ ತೋಟವನ್ನೋ ಮೂಡಿಗೆರೆಯ ಕಾಫಿ ಎಸ್ಟೇಟನ್ನೋ ಮಗನ ಹೆಸರಿಗೆ ಮಾಡುವ ಮನಸ್ಸು ಹಿರಿಯರಿಗಿದ್ದರೆ, ಅದನ್ನು ಅವನು ಹೊರಡುವ ಮೊದಲು ಮಾಡಬೇಕು, ಇಲ್ಲವೇ ಉಯಿಲಿನಲ್ಲಿ ಬರೆದಿಡಬೇಕು. ಅವನು ಹೋದ ಮೇಲೆ ರಜೆಗೆ ಬಂದಾಗ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದಾನಪತ್ರ ಮಾಡಿಸಿದರೆ ನೋಂದಣಿ ಆಗಬಹುದು, ಫೆಮಾ ಉಲ್ಲಂಘನೆ ಮಾತ್ರ ಉಳಿದುಕೊಳ್ಳುತ್ತದೆ.

ಹೆಣ್ಣುಮಕ್ಕಳ ಪಾಲಿನ ವಿಷಯವನ್ನೂ ಇಲ್ಲೇ ಹೇಳಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಅನ್ವಯಿಸುವಂತೆ, ಕರ್ನಾಟಕ 1994ರಲ್ಲೇ ಜಾರಿಗೆ ತಂದಿತ್ತು. 2005ರ ಕೇಂದ್ರ ತಿದ್ದುಪಡಿ ಮತ್ತು 2020ರ ವಿನೀತಾ ಶರ್ಮಾ ಪ್ರಕರಣದ ತೀರ್ಪಿನ ನಂತರ ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸ್ಪಷ್ಟವಾಗಿದೆ. ಅಮೆರಿಕದಲ್ಲಿರುವ ಅಕ್ಕ ತಮ್ಮನಿಗಾಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ಇಲ್ಲಿ ಮನೆಯವರ ನಡುವಿನ ಮಾತು. ಆದರೆ ಅಲ್ಲಿ ಕಾಯಂ ನೆಲೆಸಿದವರು ತಮ್ಮದಾದ ಆಸ್ತಿಯನ್ನು ನಿರ್ದಿಷ್ಟ ವ್ಯಕ್ತಿಗೆ ಬಿಟ್ಟುಕೊಟ್ಟರೆ ಅಮೆರಿಕದ ಕಾನೂನಿಗೆ ಅದು ದಾನ. 2025ರಲ್ಲಿ ಒಬ್ಬ ವ್ಯಕ್ತಿಗೆ 19,000 ಡಾಲರ್ ಮೀರಿದ ದಾನವನ್ನು ದಾನ ತೆರಿಗೆಯ ವಿವರದಲ್ಲಿ ತೋರಿಸಬೇಕು, ತೆರಿಗೆ ಕಟ್ಟುವ ಪ್ರಮೇಯ ಬಹುತೇಕ ಬರದಿದ್ದರೂ. ಇಂಥ ಬಿಡುಗಡೆ ಆಗುವುದಿದ್ದರೆ ಹೊರಡುವ ಮೊದಲೇ ಆಗಲಿ. ಬಿಡುವುದು ಬೇಡವೆನಿಸಿದರೆ ಅದನ್ನೂ ಆಗಲೇ ಬಾಯಿಬಿಟ್ಟು ಹೇಳುವುದು ಒಳ್ಳೆಯದು. ವಿದೇಶಕ್ಕೆ ಹೋದವಳಿಗೆ ಪಾಲು ಯಾಕೆ ಎಂಬ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ, ನ್ಯಾಯದಲ್ಲೂ ಇಲ್ಲ.

ಬೆಂಗಳೂರಿನಲ್ಲೇ ಇದ್ದವರಿಗೂ ತಗಲುವ ತೆರಿಗೆ

ಮರಣಾನಂತರದ ಆಸ್ತಿಯ ಮೇಲೆ ಭಾರತದಲ್ಲಿ 1953ರಿಂದ ಇದ್ದ ಎಸ್ಟೇಟ್ ಸುಂಕವನ್ನು 1985ರಲ್ಲಿ ರದ್ದುಪಡಿಸಲಾಯಿತು. ಅಮೆರಿಕದಲ್ಲಿ ಎಸ್ಟೇಟ್ ತೆರಿಗೆ ಗರಿಷ್ಠ 40 ಪ್ರತಿಶತದವರೆಗೆ ಇಂದಿಗೂ ಇದೆ, ಮತ್ತು ಈ ತೆರಿಗೆಯ ಬಗ್ಗೆ ಎರಡು ದೇಶಗಳ ನಡುವೆ ಒಪ್ಪಂದ ಇಲ್ಲ. ಇಲ್ಲಿ ಮುಖ್ಯವಾಗುವುದು ದಿನಗಳ ಎಣಿಕೆಯಲ್ಲ, ಡೊಮಿಸೈಲ್, ಅಂದರೆ ಶಾಶ್ವತವಾಗಿ ಉಳಿಯುವ ಉದ್ದೇಶದಿಂದ ಮಾಡಿಕೊಂಡ ನೆಲೆ. ಹಾಗೆ ನೆಲೆಸಿದವರಿಗೆ 2026ರಿಂದ ತಲಾ 1.5 ಕೋಟಿ ಡಾಲರುಗಳ ವಿನಾಯಿತಿ ಇರುವುದರಿಂದ ಬಹುಪಾಲು ಕುಟುಂಬಗಳು ಚಿಂತಿಸಬೇಕಿಲ್ಲ. ನೆಲೆಸದವರಿಗೆ ವಿನಾಯಿತಿ 60,000 ಡಾಲರ್ ಮಾತ್ರ, ಆದರೆ ತೆರಿಗೆ ಅಮೆರಿಕದಲ್ಲಿರುವ ಆಸ್ತಿಗಷ್ಟೇ. ಅಮೆರಿಕನ್ ಕಂಪನಿಯ ಷೇರುಗಳು ಎಲ್ಲಿಂದ ಕೊಂಡರೂ, ಯಾವ ಬ್ರೋಕರ್ ಮೂಲಕ ಇಟ್ಟರೂ, ಅಮೆರಿಕದ ಆಸ್ತಿಯೇ.

ಬೆಂಗಳೂರಿನ ಮಟ್ಟಿಗೆ ಇದು ದೊಡ್ಡ ವಿಷಯ. ಅಮೆರಿಕನ್ ತಂತ್ರಜ್ಞಾನ ಕಂಪನಿಗಳ ಇಲ್ಲಿಯ ಕಚೇರಿಗಳಲ್ಲಿ ಕೆಲಸ ಮಾಡುವ ಸಾವಿರಾರು ಜನರಿಗೆ ಸಂಬಳದ ಭಾಗವಾಗಿ ಮಾತೃ ಕಂಪನಿಯ ಷೇರುಗಳು ಸಿಗುತ್ತವೆ; ವರ್ಷಗಳ ಕಾಲ ಮಾರದೆ ಇಟ್ಟುಕೊಂಡವರ ಷೇರುಗಳ ಬೆಲೆ 60,000 ಡಾಲರುಗಳನ್ನು ಸುಲಭವಾಗಿ ದಾಟುತ್ತದೆ. ಅಂಥವರೊಬ್ಬರು ಅಕಾಲದಲ್ಲಿ ತೀರಿಕೊಂಡರೆ, ಅವರು ಅಮೆರಿಕದ ನೆಲ ಮೆಟ್ಟಿಯೇ ಇರದಿದ್ದರೂ, ಮಿತಿ ಮೀರಿದ ಭಾಗಕ್ಕೆ ಅವರ ಮನೆಯವರು ಅಮೆರಿಕಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ. ವಲಸೆಯ ದಾರಿಯಲ್ಲಿ, ಡೊಮಿಸೈಲ್ ಇನ್ನೂ ಖಚಿತವಾಗದ ಸ್ಥಿತಿಯಲ್ಲಿ ಇರುವವರಿಗೂ ಇದೇ ಅಪಾಯ. ಬಂದ ಷೇರುಗಳನ್ನು ಆಗಾಗ ಮಾರಿ ಊರಿಗೆ ತರುವುದೋ, ಸಾಕಷ್ಟು ಜೀವ ವಿಮೆ ಇಟ್ಟುಕೊಳ್ಳುವುದೋ ಇದಕ್ಕಿರುವ ಪರಿಹಾರ.

ಗಂಡಹೆಂಡಿರ ನಡುವೆ ಆಸ್ತಿ ಹಾದುಹೋಗುವಾಗ ಅಮೆರಿಕನ್ ನಾಗರಿಕರಿಗಿರುವ ಮಿತಿಯಿಲ್ಲದ ವಿನಾಯಿತಿ ನಾಗರಿಕರಲ್ಲದ ಸಂಗಾತಿಗೆ ನೇರವಾಗಿ ಸಿಗುವುದಿಲ್ಲ, ಅದಕ್ಕೆ ಒಂದು ವಿಶೇಷ ಟ್ರಸ್ಟಿನ ವ್ಯವಸ್ಥೆ ಬೇಕು. ಟ್ರಸ್ಟಿನ ಮಾತು ಬಂದಾಗ ಇನ್ನೊಂದು ಎಚ್ಚರಿಕೆ: ನಿವಾಸಿಯಾಗುವ ಹಿಂದಿನ 5 ವರ್ಷಗಳಲ್ಲಿ ಭಾರತದಲ್ಲಿ ಟ್ರಸ್ಟ್ ಮಾಡಿ ಆಸ್ತಿ ವರ್ಗಾಯಿಸಿದವರನ್ನು, ಅದರಲ್ಲಿ ಅಮೆರಿಕದ ಫಲಾನುಭವಿಗಳಿದ್ದರೆ, ಆ ಟ್ರಸ್ಟಿನ ಮಾಲೀಕರೆಂದೇ ಅಮೆರಿಕದ ತೆರಿಗೆ ಕಾನೂನು ಪರಿಗಣಿಸುತ್ತದೆ. ಹೊರಡುವ ಹಿಂದಿನ ತಿಂಗಳು ಅವಸರದಲ್ಲಿ ಟ್ರಸ್ಟ್ ನೋಂದಾಯಿಸಿದರೆ ಪ್ರಯೋಜನ ಕಡಿಮೆ.

ಎರಡು ಉಯಿಲು, ಒಂದು ವಾಕ್ಯ

ಎರಡು ದೇಶಗಳಲ್ಲಿ ಆಸ್ತಿ ಇರುವವರು ಭಾರತದ ಆಸ್ತಿಗೆ ಒಂದು, ಅಮೆರಿಕದ ಆಸ್ತಿಗೆ ಒಂದು ಎಂದು ಎರಡು ಉಯಿಲು ಬರೆಯುವುದು ಅನುಕೂಲ, ಏಕೆಂದರೆ ಒಂದು ದೇಶದ ನ್ಯಾಯಾಲಯದ ಪ್ರಕ್ರಿಯೆ ಮುಗಿಯುವವರೆಗೆ ಇನ್ನೊಂದು ದೇಶದಲ್ಲಿ ಕಾಯಬೇಕಾಗುವುದಿಲ್ಲ. ಆದರೆ ಉಯಿಲಿನ ಸಿದ್ಧ ಮಾದರಿಗಳಲ್ಲೆಲ್ಲ ‘ಇದಕ್ಕಿಂತ ಹಿಂದೆ ಬರೆದ ಎಲ್ಲ ಉಯಿಲುಗಳನ್ನೂ ಈ ಮೂಲಕ ರದ್ದುಪಡಿಸಿದ್ದೇನೆ’ ಎಂಬ ವಾಕ್ಯವೊಂದು ಇರುತ್ತದೆ. ಹೊರಡುವ ಮೊದಲು ದಾವಣಗೆರೆಯಲ್ಲಿ ವಕೀಲರಿಂದ ಬರೆಸಿ ನೋಂದಾಯಿಸಿದ ಉಯಿಲು, ಐದು ವರ್ಷಗಳ ನಂತರ ಡಲ್ಲಾಸಿನಲ್ಲಿ ಸಹಿ ಹಾಕಿದ ಇನ್ನೊಂದು ಉಯಿಲಿನ ಆ ಒಂದು ವಾಕ್ಯದಿಂದ ಇಲ್ಲವಾಗಬಹುದು. ಆಗ ಊರಿನ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಪುರುಷನಾದರೆ ತಾಯಿ, ಹೆಂಡತಿ, ಮಕ್ಕಳಿಗೆ ಸಮನಾಗಿ ಹಂಚಿಹೋಗುತ್ತದೆ. ಪ್ರತಿ ಉಯಿಲೂ ತಾನು ಯಾವ ದೇಶದ ಆಸ್ತಿಗೆ ಸೀಮಿತ ಎಂದು ಸ್ಪಷ್ಟವಾಗಿ ಹೇಳಬೇಕು. ಉಯಿಲು ನೋಂದಣಿಯಾಗಲೇಬೇಕೆಂದಿಲ್ಲ, ಆದರೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಸಾಕ್ಷಿಗಳು ಬರೆಸುವವರಿಗಿಂತ ಕಿರಿಯರಾಗಿದ್ದರೆ ಒಳ್ಳೆಯದು. ಬ್ಯಾಂಕಿನಲ್ಲಿ ನಾಮಿನಿ ಹೆಸರು ಬರೆಸಿದ್ದೇವೆ, ಉಯಿಲು ಏಕೆ ಎಂಬ ತಿಳಿವಳಿಕೆಯೂ ಸರಿಯಲ್ಲ. ನಾಮಿನಿ ಹಣವನ್ನು ಪಡೆದು ವಾರಸುದಾರರಿಗೆ ತಲುಪಿಸುವವರೇ ಹೊರತು ಮಾಲೀಕರಲ್ಲ ಎಂಬುದನ್ನು ಕಂಪನಿ ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರಲ್ಲಿ ಖಚಿತಪಡಿಸಿದೆ. ಚಿಕ್ಕ ಮಕ್ಕಳಿರುವವರು ತಂದೆತಾಯಿ ಇಬ್ಬರೂ ಇಲ್ಲವಾದರೆ ಮಕ್ಕಳನ್ನು ಯಾರು ನೋಡಿಕೊಳ್ಳಬೇಕೆಂಬುದನ್ನು ಅಮೆರಿಕದ ಉಯಿಲಿನಲ್ಲಿ ಬರೆಯದೆ ಇರಬಾರದು. ಅಜ್ಜಅಜ್ಜಿ ಊರಿನಿಂದ ವೀಸಾ ಪಡೆದು ಬರುವವರೆಗೆ ಮಕ್ಕಳ ಜವಾಬ್ದಾರಿ ಹೊರಲು ಅಲ್ಲಿಯೇ ಇರುವ ಒಬ್ಬ ಸ್ನೇಹಿತರ ಹೆಸರೂ ಅದರಲ್ಲಿ ಬೇಕು.

ಊರಿನ ಕೆಲಸಗಳಿಗೆ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಕೊಟ್ಟುಹೋದವರು ಅದು ಕೊಟ್ಟವರ ಮರಣದೊಂದಿಗೆ ಮುಗಿಯುತ್ತದೆ, ಆದ್ದರಿಂದ ಉಯಿಲಿನ ಕೆಲಸವನ್ನು ಮಾಡಲಾರದು ಎಂಬುದನ್ನು ತಿಳಿದಿರಬೇಕು. ಹೊರದೇಶದಿಂದ ಅಧಿಕಾರ ಪತ್ರ ಕಳಿಸುವುದಾದರೆ ದೂತಾವಾಸದಲ್ಲಿ ದೃಢೀಕರಣ, ಕರ್ನಾಟಕಕ್ಕೆ ಬಂದ 3 ತಿಂಗಳೊಳಗೆ ಮುದ್ರಾಂಕ ಎಂದೆಲ್ಲ ಅಲೆದಾಟ ಇರುವುದರಿಂದ, ಖಾತೆ ಬದಲಾವಣೆ, ಇ-ಖಾತೆ, ಜಂಟಿ ಪಹಣಿಯ ಪೋಡಿ, ಅಜ್ಜನ ಹೆಸರಿನಲ್ಲೇ ಉಳಿದ ಜಮೀನಿನ ಪೌತಿ ಖಾತೆ ಇವನ್ನೆಲ್ಲ ಕೈಯಾರೆ ನಿಂತು ಮುಗಿಸಿ ಹೋಗುವುದಕ್ಕೆ ಸಮನಾದದ್ದು ಬೇರೆ ಇಲ್ಲ.

ಕೊನೆಯದಾಗಿ ಹಿರಿಯರ ವಲಸೆ. ಅಮೆರಿಕದ ನಾಗರಿಕರಾದ ಮಕ್ಕಳು ಮೊಮ್ಮಕ್ಕಳ ಜೊತೆಗಿರಲೆಂದು ತಂದೆತಾಯಿಗೆ ಗ್ರೀನ್ ಕಾರ್ಡ್ ಮಾಡಿಸುವುದು ಪ್ರೀತಿಯಿಂದಲೇ. ಆದರೆ ಆ ಕಾರ್ಡಿನೊಂದಿಗೆ ಎಪ್ಪತ್ತರ ವಯಸ್ಸಿನ ನಿವೃತ್ತ ಶಿಕ್ಷಕಿಯ ಪಿಂಚಣಿ, ಮನೆ ಬಾಡಿಗೆ, ಠೇವಣಿಯ ಬಡ್ಡಿ, ಗದ್ದೆಯ ಗೇಣಿ ಎಲ್ಲವೂ ಅಮೆರಿಕದ ತೆರಿಗೆ ವಿವರಕ್ಕೆ ಬರುತ್ತವೆ. ಅವರ ಎಸ್‌ಬಿ ಖಾತೆಗೂ ಎಫ್‌ಬಾರ್ ಬೇಕಾಗುತ್ತದೆ. ವರ್ಷದಲ್ಲಿ ಆರೇ ತಿಂಗಳು ಅಲ್ಲಿದ್ದರೂ ಕಾರ್ಡ್ ಇರುವವರೆಗೆ ಈ ಹೊಣೆ ತಪ್ಪುವುದಿಲ್ಲ. 15 ವರ್ಷಗಳಲ್ಲಿ 8 ವರ್ಷ ಕಾರ್ಡ್ ಇಟ್ಟುಕೊಂಡವರು ಅದನ್ನು ಹಿಂತಿರುಗಿಸುವಾಗ, ಆಸ್ತಿಯ ಮೌಲ್ಯ 20 ಲಕ್ಷ ಡಾಲರ್ ಮುಟ್ಟಿದ್ದರೆ ನಿರ್ಗಮನ ತೆರಿಗೆಯ ಪ್ರಶ್ನೆಯೂ ಏಳುತ್ತದೆ, ಮತ್ತು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಸ್ವಂತ ಮನೆಯಿರುವವರಿಗೆ ಆ ಮೊತ್ತ ಇಂದು ದೂರದ್ದಲ್ಲ. ಸಂದರ್ಶಕರ ವೀಸಾದಲ್ಲಿ ಬಂದುಹೋಗುವ ಹಿರಿಯರಿಗೆ, ದಿನಗಳ ಎಣಿಕೆಯೊಳಗೆ ಇರುವಷ್ಟು ಕಾಲ, ಇದು ಯಾವುದೂ ಇಲ್ಲ. ಮಕ್ಕಳು ಅರ್ಜಿ ಹಾಕುವ ಮೊದಲು ಈ ಸಂಗತಿಯನ್ನು ತಂದೆತಾಯಿಗೆ ಅರ್ಥವಾಗುವ ಕನ್ನಡದಲ್ಲಿ ವಿವರಿಸಿ, ಅವರ ಒಪ್ಪಿಗೆ ಕೇಳಬೇಕು. ಎರಡೂ ದೇಶಗಳ ಲೆಕ್ಕ ತಿಳಿದ ಪರಿಣತರಿಗೆ ಕೊಡುವ ಶುಲ್ಕವನ್ನು ವಿಮಾನದ ಟಿಕೆಟ್ಟಿನ ಖರ್ಚಿನ ಜೊತೆಗೇ ಎತ್ತಿಡಬೇಕು.